ನಿಜವಾದ ದೀನತೆ

(ಕನ್ಯಾ ಮಾತೆ ಮರಿಯಮ್ಮನವರ ಜನನೋತ್ಸವ, ಸೆಪ್ಟೆಂಬರ್ 8 – ಹಬ್ಬದ ಪ್ರಬೋಧನೆ)



ಇಂದು ನಮ್ಮ ತಾಯಿ ಮರಿಯಮ್ಮನವರ ಹುಟ್ಟುಹಬ್ಬ. ಒಂಬತ್ತು ದಿನಗಳ ನೊವೆನಾ ಪ್ರಾರ್ಥನೆ ಮುಗಿಸಿ, ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಹಳ್ಳಿಗಳಿಂದ ಬಸ್ಸಿನಲ್ಲಿ, ಟಂಟಂನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದೀರಿ. ಹೊಲದಲ್ಲಿ ಕೆಲಸವಿದ್ದರೂ ಬಿಟ್ಟು ಬಂದಿದ್ದೀರಿ. ನಿಮ್ಮೆಲ್ಲರಿಗೂ ಹಬ್ಬದ ಶುಭಾಶಯಗಳು.

ಈ ತಾಯಿಯ ಜನನದ ಬಗ್ಗೆ ಪವಿತ್ರ ಬೈಬಲ್ ಒಂದು ಮಾತನ್ನೂ ಹೇಳುವುದಿಲ್ಲ. ತಂದೆ ಜೋಕಿಮ್, ತಾಯಿ ಅನ್ನಮ್ಮ ಎಂಬ ಹೆಸರುಗಳು ನಮಗೆ ಸಂಪ್ರದಾಯದಿಂದ ಬಂದವು. ಆಕೆ ಹುಟ್ಟಿದ ದಿನ ಊರಲ್ಲಿ ಯಾರೂ ಡಂಗುರ ಸಾರಲಿಲ್ಲ. ಇಂದಿನ ವಾಚನಗಳೂ ಇದೇ ದಾರಿಯಲ್ಲಿವೆ. ಯೂದಾ ಕುಲಗಳಲ್ಲಿ ತೀರ ಚಿಕ್ಕದಾದ ಬೆತ್ಲೆಹೇಮಿನಿಂದಲೇ ಇಸ್ರಯೇಲಿನ ಒಡೆಯ ಬರುವನೆಂದು ಪ್ರವಾದಿ ಮೀಕ ಸಾರುತ್ತಾನೆ (ಮೀಕ 5:1-4). ಮತ್ತಾಯನ ಶುಭಸಂದೇಶದಲ್ಲಿ ಯೇಸುವಿನ ವಂಶಾವಳಿ ಕೇಳಿದೆವು. ಅದರಲ್ಲಿ ಅರಸರ ಜೊತೆಗೆ ತಾಮಾರಳಿದ್ದಾಳೆ, ರಾಹಾಬಳಿದ್ದಾಳೆ, ಪರದೇಶದ ರೂತಳಿದ್ದಾಳೆ. ಲೋಕ ಕೆಳಗಿಟ್ಟವರ ಹೆಸರನ್ನು ದೇವರು ಬಿಟ್ಟಿಲ್ಲ. ಆದ್ದರಿಂದ ಈ ಹಬ್ಬದಲ್ಲಿ ನಾವು ಧ್ಯಾನಿಸಬೇಕಾದ ವಿಷಯ ದೀನತೆ.

ನಾನು ಕಲಿತ ಪಾಠ

ಕೆಲವು ವರ್ಷಗಳ ಹಿಂದೆ ಅಫಜಲಪುರದ ಕಡೆಯ ಒಂದು ಹಳ್ಳಿಗೆ ಮನೆ ಭೇಟಿಗೆ ಹೋಗಿದ್ದೆ. ಒಬ್ಬ ಅಜ್ಜಿಯ ಮನೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ಅದನ್ನು ಸೆರಗಿನಿಂದ ಒರೆಸಿ ನನಗೆ ಕೊಟ್ಟರು. ತಾವು ದೂರ, ಬಾಗಿಲ ಹೊಸ್ತಿಲ ಹತ್ತಿರ ಬರಿ ನೆಲದ ಮೇಲೆ ಕುಳಿತರು. "ಯವ್ವಾ, ಈ ಕಡೆ ಬಂದು ಕೂಡ್ರಿ" ಎಂದೆ. "ಬ್ಯಾಡ್ರಿ ಫಾದರ್, ನಾವು ಅಲ್ಲೆಲ್ಲಾ ಕೂಡಂಗಿಲ್ರಿ" ಎಂದರು.

ನನಗೆ ಬಹಳ ಸಂತೋಷವಾಯಿತು. ಮುಂದಿನ ಭಾನುವಾರ ಪ್ರಬೋಧನೆಯಲ್ಲಿ ಆ ಅಜ್ಜಿಯ ದೀನತೆಯನ್ನು ಬಾಯಿ ತುಂಬಾ ಹೊಗಳಿದೆ. ಪೂಜೆ ಮುಗಿದ ಮೇಲೆ ಹೈಸ್ಕೂಲಿಗೆ ಹೋಗುವ ಆಕೆಯ ಮೊಮ್ಮಗಳು ಬಂದು ನಿಂತಳು. "ಫಾದರ್, ನಮ್ಮ ಆಯಿ ದೀನತೆಯಿಂದ ಕೆಳಗ ಕೂತಿಲ್ರಿ. ಅಂಜಿ ಕೂತಾಳ್ರಿ. ಸಣ್ಣಾಕಿ ಇದ್ದಾಗಿಂದ ದೊಡ್ಡವರ ಮನಿ ಮುಂದ ಹಂಗೇ ಕೂತು ರೂಢಿ ಆಗ್ಯದ್ರಿ" ಎಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಒಬ್ಬ ತಾಯಿಯ ಬೆನ್ನನ್ನು ಲೋಕ ಎಪ್ಪತ್ತು ವರ್ಷ ಬಾಗಿಸಿತ್ತು. ನಾನು ಗುರುವಾಗಿ ನಿಂತು ಅದಕ್ಕೆ ಸದ್ಗುಣದ ಹೆಸರು ಕೊಟ್ಟಿದ್ದೆ. ಆ ದಿನದಿಂದ ದೀನತೆಯ ಬಗ್ಗೆ ಮಾತಾಡುವ ಮೊದಲು ನನ್ನನ್ನು ನಾನೇ ಕೇಳಿಕೊಳ್ಳುತ್ತೇನೆ: ಇಲ್ಲಿ ಬಾಗಬೇಕಾದವರು ಯಾರು?

ದೀನತೆ ಅಲ್ಲದ ದೀನತೆ

ಪ್ರಿಯರೇ, ದೀನತೆಯಂತೆ ಕಾಣುವ ಎರಡು ಸಂಗತಿಗಳಿವೆ. ಒಂದು ಅಂಜಿಕೆ. ಜಾತಿಯ ಅಂಜಿಕೆ, ಬಡತನದ ಅಂಜಿಕೆ, ಸಾಲ ಕೊಟ್ಟ ಧಣಿಯ ಅಂಜಿಕೆ, ಮನೆಯಲ್ಲಿ ಗಂಡನ ಅಂಜಿಕೆ. ಇದು ದೀನತೆಯಲ್ಲ, ದಾಸ್ಯ. ಇದನ್ನು ಸಹಿಸು ಎಂದು ದೇವರು ಯಾರಿಗೂ ಆಜ್ಞೆ ಮಾಡಿಲ್ಲ. ಭಾರತದ ಧರ್ಮಾಧ್ಯಕ್ಷರ ಮಂಡಳಿಯು ದಲಿತರ ಸಬಲೀಕರಣಕ್ಕಾಗಿ 2016ರಲ್ಲಿ ಪ್ರಕಟಿಸಿದ ನೀತಿಯಲ್ಲಿ, ಜಾತಿ ತಾರತಮ್ಯ ಪಾಪವೆಂದೂ ಅದು ಧರ್ಮಸಭೆಯ ಒಳಗೂ ಇದೆಯೆಂದೂ ಒಪ್ಪಿಕೊಂಡಿದೆ. ಹೀಗೆ ಒಪ್ಪಿಕೊಳ್ಳುವುದೂ ದೀನತೆಯೇ.

ಎರಡನೆಯದು ಒಂದು ದಿನದ ದೀನತೆ. ನಮ್ಮ ಗಾಣಗಾಪುರದ ದತ್ತ ಕ್ಷೇತ್ರದಲ್ಲಿ ನಮ್ಮ ಹಿಂದೂ ಸಹೋದರರು ಮಾಡುವ ಮಧುಕರಿ ಭಿಕ್ಷೆಯನ್ನು ನೀವು ಕಂಡಿದ್ದೀರಿ. ಎಷ್ಟೇ ಶ್ರೀಮಂತರಾದರೂ ಜೋಳಿಗೆ ಹಿಡಿದು ಐದು ಮನೆಗಳ ಮುಂದೆ ನಿಲ್ಲುತ್ತಾರೆ. ಬೇಡಿದ ಅನ್ನದ ಬೆಲೆ ಬೇಡಿದವನಿಗೇ ಗೊತ್ತು. ಆ ಪದ್ಧತಿಯ ಬಗ್ಗೆ ನನಗೆ ಗೌರವವಿದೆ. ನಮ್ಮಲ್ಲಿಯೂ ಪವಿತ್ರ ಗುರುವಾರದಂದು ಗುರುಗಳು ಹನ್ನೆರಡು ಮಂದಿಯ ಕಾಲು ತೊಳೆಯುತ್ತಾರೆ. ಆದರೆ ಮರುದಿನ ಏನಾಗುತ್ತದೆ? ಜೋಳಿಗೆ ಹಿಡಿದವರು ಮನೆಗೆ ಹೋದ ಮೇಲೆ, ಕೂಲಿ ಕೇಳಲು ಬಾಗಿಲಿಗೆ ಬಂದ ಆಳಿನ ಜೊತೆ ಹೇಗೆ ಮಾತಾಡುತ್ತಾರೆ? ಕಾಲು ತೊಳೆದ ನಾವು ಗುರುಗಳು, ನಮಗೆ ಅಡಿಗೆ ಮಾಡಿ ಹಾಕುವವರ ಜೊತೆ ಹೇಗೆ ಮಾತಾಡುತ್ತೇವೆ? ವಿಧಿಯ ಸತ್ಯ ತಿಳಿಯುವುದು ಮರುದಿನ ಬೆಳಿಗ್ಗೆ.

ಜಗದ್ಗುರು ಫ್ರಾನ್ಸಿಸರು 2013ರ ಮಾರ್ಚ್ 28ರಂದು, ಅಧಿಕಾರ ವಹಿಸಿಕೊಂಡ ಹೊಸದರಲ್ಲೇ, ರೋಮಿನ ಕಾಸಾಲ್ ದೆಲ್ ಮಾರ್ಮೊ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಹನ್ನೆರಡು ಮಂದಿಯ ಕಾಲು ತೊಳೆದರು. ಅವರಲ್ಲಿ ಹುಡುಗಿಯರಿದ್ದರು, ಮುಸಲ್ಮಾನರೂ ಇದ್ದರು. 2016ರಲ್ಲಿ ಈ ವಿಧಿಗೆ ಸ್ತ್ರೀಯರನ್ನೂ ಆರಿಸಬಹುದೆಂದು ನಿಯಮವನ್ನೇ ಬದಲಿಸಿದರು. 2025ರಲ್ಲಿ ದೈವಾಧೀನರಾಗುವ ನಾಲ್ಕು ದಿನಗಳ ಹಿಂದೆ, ಪವಿತ್ರ ಗುರುವಾರದಂದು ರೋಮಿನ ಸೆರೆಮನೆಗೆ ಹೋದರು. ಆಗ ಕಾಲು ತೊಳೆಯುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲ. ಆದರೂ ಕೈದಿಗಳ ಹತ್ತಿರ ಹೋದರು.

ಮರಿಯಮ್ಮನವರ ದೀನತೆ

ಈಗ ನಮ್ಮ ತಾಯಿಯನ್ನು ನೋಡೋಣ. ದೇವದೂತನ ಮುಂದೆ ಆಕೆ ತನ್ನನ್ನು ದೇವರ ದಾಸಿ ಎಂದು ಕರೆದುಕೊಂಡಳು (ಲೂಕ 1:38). ಆದರೆ ಅದಕ್ಕೆ ಮೊದಲು ಪ್ರಶ್ನೆ ಕೇಳಿದಳು: ಇದು ಆಗುವುದು ಹೇಗೆ? (ಲೂಕ 1:34). ದೀನಳಾದವಳು ಬಾಯಿಲ್ಲದವಳಲ್ಲ. ತಿಳಿದು, ತಾನೇ ಮನಸ್ಸು ಮಾಡಿ ಒಪ್ಪಿದಳು. ಆಮೇಲೆ ರಕ್ಷಕನ ತಾಯಿ ಎಂದು ಮನೆಯಲ್ಲಿ ಕುಳಿತು ಸೇವೆ ಮಾಡಿಸಿಕೊಳ್ಳಲಿಲ್ಲ. ಗುಡ್ಡದ ನಾಡಿಗೆ ಅವಸರದಿಂದ ನಡೆದು, ವಯಸ್ಸಾದ ಬಸುರಿ ಎಲಿಜಬೇತಳ ಮನೆಯಲ್ಲಿ ಸುಮಾರು ಮೂರು ತಿಂಗಳು ಉಳಿದಳು.

ಅಲ್ಲಿ ಆಕೆ ಹಾಡಿದ ಸ್ತುತಿಗೀತೆಯಲ್ಲಿ (ಲೂಕ 1:46-55) ತಾನು ಏನೂ ಅಲ್ಲ ಎಂದು ಕೊರಗುವುದಿಲ್ಲ. ದೇವರು ತನಗೆ ದೊಡ್ಡ ಕಾರ್ಯ ಮಾಡಿದ್ದಾರೆ, ಎಲ್ಲಾ ತಲೆಮಾರುಗಳು ತನ್ನನ್ನು ಧನ್ಯಳೆನ್ನುವರು ಎಂದು ಧೈರ್ಯವಾಗಿ ಹೇಳುತ್ತಾಳೆ. ಇದು ಅಹಂಕಾರವೇ? ಅಲ್ಲ, ಸತ್ಯ. ಬಂದದ್ದು ಎಲ್ಲಿಂದ ಎಂದು ಆಕೆಗೆ ಗೊತ್ತಿತ್ತು. ದೀನತೆ ಎಂದರೆ ಸತ್ಯದಲ್ಲಿ ನಡೆಯುವುದು ಎಂಬುದು ಆವಿಲಾದ ಸಂತ ತೆರೇಸಮ್ಮನವರ ಬೋಧನೆ. ಅದೇ ಹಾಡಿನಲ್ಲಿ ದೇವರು ಬಲಿಷ್ಠರನ್ನು ಸಿಂಹಾಸನದಿಂದ ಇಳಿಸುತ್ತಾರೆ, ದೀನರನ್ನು ಎತ್ತುತ್ತಾರೆ. ದೇವರು ದೀನರನ್ನು ಇದ್ದಲ್ಲೇ ಬಿಡುವುದಿಲ್ಲ.

ನಮ್ಮ ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ ಹುಟ್ಟಿ ಕಲಬುರಗಿಗೆ ಬಂದ ಶರಣಬಸವೇಶ್ವರರು ದಾಸೋಹಕ್ಕೆ ಹೆಸರಾದವರು. ದಾಸೋಹ ಎಂದರೆ ನಾನು ದಾಸ ಎಂಬ ಭಾವದಿಂದ ಬಡಿಸುವುದು. ಬಡಿಸುವವನೇ ಸೇವಕ, ಉಣ್ಣಲು ಬಂದವನೇ ಒಡೆಯ. ಈ ನಾಡಿನ ಜನರಾದ ನಿಮಗೆ ನಾನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ: ದಾಸೋಹ ಬೇರೆ, ದಾಸ್ಯ ಬೇರೆ. ಮರಿಯಮ್ಮ ದಾಸಿಯಾದದ್ದು ದಾಸೋಹದ ಅರ್ಥದಲ್ಲಿ.

ಬಾಗಿದ ಪ್ರಭು, ನೆಟ್ಟಗಾದ ಹೆಂಗಸು

ಆಕೆಯ ಮಗ ಯೇಸು ಇನ್ನೂ ಕೆಳಗೆ ಇಳಿದರು. ದೇವರ ಸ್ವರೂಪಿಯಾಗಿದ್ದರೂ ತಮ್ಮನ್ನು ಬರಿದು ಮಾಡಿಕೊಂಡು ಶಿಲುಬೆಯ ತನಕ ಇಳಿದರೆಂದು ಸಂತ ಪೌಲರು ಬರೆಯುತ್ತಾರೆ (ಫಿಲಿಪ್ಪಿ 2:6-8). ಗಮನಿಸಿರಿ, ಇಳಿದದ್ದು ಮೇಲಿದ್ದವರು. ಯಾರೂ ಅವರನ್ನು ಬಲವಂತವಾಗಿ ತಳ್ಳಲಿಲ್ಲ. ಪ್ರೀತಿಯಿಂದ ತಾವಾಗಿ ಇಳಿದರು. ಅದೇ ಯೇಸು, ಹದಿನೆಂಟು ವರ್ಷ ನಡು ಬಗ್ಗಿಹೋಗಿದ್ದ ಹೆಂಗಸನ್ನು ಪ್ರಾರ್ಥನಾ ಮಂದಿರದಲ್ಲಿ ಕಂಡಾಗ ಆಕೆಯ ದೀನತೆಯನ್ನು ಹೊಗಳಲಿಲ್ಲ. ಹತ್ತಿರ ಕರೆದರು, ಮುಟ್ಟಿದರು, ನೆಟ್ಟಗೆ ನಿಲ್ಲಿಸಿದರು, ಎಲ್ಲರ ಮುಂದೆ ಅಬ್ರಹಾಮನ ಮಗಳೆಂದು ಕರೆದರು (ಲೂಕ 13:10-17).

ಇದೇ ನಿಜವಾದ ದೀನತೆ. ನಾನು ಬಾಗುವುದು, ಬಾಗಿದವರನ್ನು ಎಬ್ಬಿಸುವುದು.

ನಮ್ಮ ನದಿಗಳನ್ನು ನೋಡಿರಿ. ಆಳಂದದ ಕಡೆಯಿಂದ ಬರುವ ಅಮರ್ಜಾ ಗಾಣಗಾಪುರದ ಸಂಗಮದಲ್ಲಿ ಭೀಮೆಯನ್ನು ಸೇರುತ್ತದೆ. ಭೀಮೆ ಜೇವರ್ಗಿ ಸೀಮೆಯನ್ನು ದಾಟಿ ಮುಂದೆ ಕೃಷ್ಣೆಯನ್ನು ಸೇರುತ್ತದೆ. ನೀರು ತಗ್ಗಿಗೆ ಇಳಿಯುತ್ತದೆ. ಇಳಿದಲ್ಲೆಲ್ಲಾ ಪೈರು ಮೇಲಕ್ಕೇಳುತ್ತದೆ. ನಾವು ಇಳಿದ ಮೇಲೆ ನಮ್ಮ ಪಕ್ಕದವರು ಏಳದಿದ್ದರೆ, ನಮ್ಮ ಇಳಿತದಲ್ಲಿ ಏನೋ ಕೊರತೆ ಇದೆ.

ಮನೆಗೆ ಹೋಗಿ ಮಾಡುವುದೇನು?

ಹೊಲದ ಬದುವಿನ ಜಗಳದಲ್ಲಿ ಅಣ್ಣತಮ್ಮಂದಿರು ವರ್ಷಗಟ್ಟಲೆ ಮಾತು ಬಿಟ್ಟಿರುವ ಮನೆಗಳಿವೆ. ತಮ್ಮನೇ ಮೊದಲು ಬರಲಿ ಎಂದು ಅಣ್ಣ ಕಾಯುವುದು ಬೇಡ. ಹಿರಿಯನಾದವನು ಮೊದಲು ಹೊಸ್ತಿಲು ದಾಟಲಿ. ಅತ್ತೆಯರೇ, ಸೊಸೆ ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುವುದೇ ದೀನತೆ ಎಂದು ಕಲಿಸಬೇಡಿರಿ. ಒಂದು ದಿನ ಆಕೆಯನ್ನು ಕೂಡಿಸಿ ನೀವು ಬಿಸಿ ರೊಟ್ಟಿ ಬಡಿಸಿರಿ. ಧರ್ಮಕೇಂದ್ರದ ಸಮಿತಿಯಲ್ಲಿರುವವರೇ, ಹಬ್ಬದ ಊಟದಲ್ಲಿ ಮೊದಲ ಪಂಕ್ತಿ ಬಿಟ್ಟುಕೊಡಿರಿ. ಗುರುಗಳಾದ ನಾವು ತಪ್ಪು ಮಾಡಿದಾಗ "ತಪ್ಪಾಯಿತು" ಎನ್ನುವುದನ್ನು ಕಲಿಯೋಣ. ಇನ್ನು ಬಹುಕಾಲ ಕೆಳಗೆ ಕುಳಿತವರೇ, ನಿಮಗೆ ಪ್ರಭು ಹೇಳುವುದು ಬೇರೆ ಮಾತು. ಔತಣದ ಸಾಮತಿಯಲ್ಲಿ ಕೊನೆಯ ಜಾಗದಲ್ಲಿದ್ದವನನ್ನು ಯಜಮಾನ ಗೆಳೆಯನೆಂದು ಕರೆದು ಮೇಲಕ್ಕೆ ಬರಹೇಳುತ್ತಾನೆ (ಲೂಕ 14:10). ಆ ಕರೆ ಬಂದಾಗ ಏಳುವುದೂ ವಿಧೇಯತೆಯೇ. ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು ಓದಿಸಿರಿ. ಸತ್ಯವನ್ನು ಹೇಳಲು ಅವರಿಗೆ ಅಂಜಿಕೆ ಇರದಿರಲಿ.

ಮೊಮ್ಮಗಳ ಮಾತು ಕೇಳಿದ ಮೇಲೆ ನಾನು ಆ ಅಜ್ಜಿಯ ಮನೆಗೆ ಮತ್ತೆ ಹೋದೆ. ಈ ಸಲ ಕುರ್ಚಿಯ ಮೇಲೆ ಕೂರಲಿಲ್ಲ. ಕೌದಿ ಹಾಸಿಸಿ ನೆಲದ ಮೇಲೆ ಕುಳಿತೆ. ಅಜ್ಜಿ ಬಹಳ ಹೊತ್ತು ನಿಂತೇ ಇದ್ದರು. ಕೊನೆಗೆ ಮೊಮ್ಮಗಳು ಕೈ ಹಿಡಿದು ಎಳೆದಳು. ಒಂದೇ ಕೌದಿಯ ಮೇಲೆ ಮೂವರೂ ಜೋಳದ ರೊಟ್ಟಿ, ಪುಂಡಿಪಲ್ಯ ಉಂಡೆವು. ಅಜ್ಜಿ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದರು. ಅಂದು ಯಾರೂ ಮೇಲಿರಲಿಲ್ಲ, ಯಾರೂ ಕೆಳಗಿರಲಿಲ್ಲ. ನಮ್ಮ ಪ್ರಭುವಿನ ಮೇಜೂ ಹೀಗೆಯೇ ಅಲ್ಲವೇ? ಈಗ ಪರಮಪ್ರಸಾದಕ್ಕೆ ಬರುವಾಗ ನಾವೆಲ್ಲರೂ ಒಂದೇ ಸಾಲಿನಲ್ಲಿ, ಬರಿಗೈ ಚಾಚಿ ಬರುತ್ತೇವೆ.

ಪ್ರಾರ್ಥಿಸೋಣ: ಮಾತೆ ಮರಿಯಮ್ಮನವರೇ, ನಿಮ್ಮ ಜನ್ಮದಿನದಂದು ನಾವು ಬೇಡುವ ವರ ಇದೊಂದೇ. ಮೇಲೇರಿದ ನಮಗೆ ಇಳಿಯುವ ಪ್ರೀತಿಯನ್ನೂ, ತುಳಿಯಲ್ಪಟ್ಟ ನಮಗೆ ಏಳುವ ಧೈರ್ಯವನ್ನೂ ನಿಮ್ಮ ಪುತ್ರನಿಂದ ಪಡೆದು ಕೊಡಿರಿ. ಆಮೆನ್.