ವಿಶ್ವವಿದ್ಯಾಲಯದ ಅಂಗಳ ಗುಡಿಸುವವರ ಲೆಕ್ಕ

(ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಜರುಗಿದ ಸಾರ್ವಜನಿಕ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾವಿಂದು ಸೇರಿರುವ ಈ ಸವಳಂಗ ರಸ್ತೆಯನ್ನು ವಿದ್ಯೆಯ ರಸ್ತೆಯೆಂದು ಕರೆದರೆ ತಪ್ಪಾಗಲಾರದು. ನವುಲೆಯ ಕೃಷಿ ಕಾಲೇಜು ಇರುವುದು ಇದೇ ರಸ್ತೆಯಲ್ಲಿ. 2012ರಲ್ಲಿ ಶಿವಮೊಗ್ಗಕ್ಕೆ ದೊರೆತ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವು ಈಗ ಕೆಳದಿ ಶಿವಪ್ಪ ನಾಯಕನ ಹೆಸರನ್ನು ಹೊತ್ತಿದೆ. ಭದ್ರಾವತಿ ತಾಲೂಕಿನ ಶಂಕರಘಟ್ಟದಲ್ಲಿ 1987ರಿಂದ ಕುವೆಂಪು ವಿಶ್ವವಿದ್ಯಾಲಯವಿದೆ. ಒಂದೇ ಜಿಲ್ಲೆಗೆ ಎರಡು ಸಾರ್ವಜನಿಕ ವಿಶ್ವವಿದ್ಯಾಲಯಗಳು ದೊರೆತಿರುವುದು ಸಣ್ಣ ಭಾಗ್ಯವಲ್ಲ.

ನಮ್ಮ ಮಕ್ಕಳು ಇಂಥ ಸಂಸ್ಥೆಗಳಿಗೆ ಸೇರುವಾಗ ನಾವು ಅನೇಕ ವಿಷಯಗಳನ್ನು ವಿಚಾರಿಸುತ್ತೇವೆ. ಶುಲ್ಕವೆಷ್ಟು, ಹಾಸ್ಟೆಲ್ ಸಿಗುವುದೇ, ವಿದ್ಯಾರ್ಥಿವೇತನ ಯಾವಾಗ ಬರುತ್ತದೆ ಎಂದೆಲ್ಲ ಕೇಳುತ್ತೇವೆ. ಆದರೆ ಆ ಹಾಸ್ಟೆಲಿನಲ್ಲಿ ಅಡುಗೆ ಮಾಡುವವರಿಗೆ, ಶೌಚಾಲಯ ತೊಳೆಯುವ ಸೋದರಿಗೆ, ರಾತ್ರಿಯಿಡೀ ಗೇಟಿನಲ್ಲಿ ನಿಲ್ಲುವ ಕಾವಲುಗಾರನಿಗೆ ಸಂಬಳ ಕೊಡುವವರು ಯಾರು, ಅದು ಪೂರ್ತಿಯಾಗಿ ಅವರ ಕೈ ಸೇರುತ್ತಿದೆಯೇ ಎಂದು ಯಾರಾದರೂ ಕೇಳಿದ್ದುಂಟೇ? ಇಂದು ನಾವು ಮಾತನಾಡಬೇಕಾಗಿರುವುದು ಈ ಪ್ರಶ್ನೆಯ ಬಗ್ಗೆ. ಯಾವುದೋ ಒಂದು ಸಂಸ್ಥೆಯ ಮೇಲೆ ಆರೋಪ ಹೊರಿಸುವುದು ನಮ್ಮ ಉದ್ದೇಶವಲ್ಲ. ದೇಶದ ಸಾರ್ವಜನಿಕ ಸಂಸ್ಥೆಗಳಲ್ಲೆಲ್ಲ ಬೇರೂರಿರುವ ಒಂದು ಪದ್ಧತಿಯನ್ನು ಅರ್ಥ ಮಾಡಿಕೊಳ್ಳಬೇಕೆಂಬುದಷ್ಟೇ ನಮ್ಮ ಅಪೇಕ್ಷೆ.

ಖಾಯಂ ನೌಕರಿಯ ಮಹತ್ವವನ್ನು ಭದ್ರಾವತಿಯವರಿಗೆ ಯಾರೂ ವಿವರಿಸಬೇಕಾಗಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಯೋಜನೆಯಂತೆ 1918ರಲ್ಲಿ ಆರಂಭಗೊಂಡ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಸಾವಿರಾರು ಮನೆಗಳ ಒಲೆ ಉರಿಸಿದವು. ತಂದೆಗೆ ಖಾಯಂ ಕೆಲಸ, ವಾಸಕ್ಕೆ ಕ್ವಾರ್ಟರ್ಸ್, ನಿವೃತ್ತಿಗೆ ಭವಿಷ್ಯನಿಧಿ; ಇವುಗಳ ಬಲದಿಂದಲೇ ಮಕ್ಕಳು ಕಾಲೇಜು ಮೆಟ್ಟಿಲೇರಿದರು. ಕಾಲ ಕಳೆದಂತೆ ಅಲ್ಲಿಯೂ ಗುತ್ತಿಗೆ ಪದ್ಧತಿ ಬಂತು. ಕಾಗದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆಯೇ ನಿಂತಿತು. 2023ರ ಆರಂಭದಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ಮಾತು ಬಂದಾಗ ಬೀದಿಗಿಳಿದು ಹೋರಾಡಿದವರು ಗುತ್ತಿಗೆ ಕಾರ್ಮಿಕರೇ. ಅಂಥ ಮನೆಗಳ ಮಕ್ಕಳ ಪಾಲಿಗೆ ಇಂದು ಉಳಿದಿರುವುದು ಬಹುಮಟ್ಟಿಗೆ ಹೊರಗುತ್ತಿಗೆಯ ಕೆಲಸ ಮಾತ್ರ.

ಈ ಹೊರಗುತ್ತಿಗೆ ನಡೆಯುವ ಬಗೆ ಹೇಗೆ? ಸಂಸ್ಥೆಯು ಇಷ್ಟು ಮಂದಿ ಸ್ವಚ್ಛತಾ ಸಿಬ್ಬಂದಿ, ಇಷ್ಟು ಮಂದಿ ಕಾವಲುಗಾರರು ಬೇಕೆಂದು ಟೆಂಡರ್ ಕರೆಯುತ್ತದೆ. ಅತಿ ಕಡಿಮೆ ದರ ನಮೂದಿಸಿದವನಿಗೆ ಗುತ್ತಿಗೆ ಸಿಗುತ್ತದೆ. ಕನಿಷ್ಠ ವೇತನ ಕಾನೂನಿನಿಂದಲೇ ನಿಗದಿಯಾಗಿರುವಾಗ ಗುತ್ತಿಗೆದಾರರು ಪೈಪೋಟಿ ನಡೆಸಬೇಕಾಗಿರುವುದು ತಮ್ಮ ಸೇವಾಶುಲ್ಕದಲ್ಲಿ ಮಾತ್ರ. ಆ ಶುಲ್ಕವನ್ನು ಸೊನ್ನೆಗೆ ಹತ್ತಿರ ತಂದು ಒಬ್ಬನು ಟೆಂಡರ್ ಗೆಲ್ಲುತ್ತಾನೆಂದರೆ ಅವನ ಲಾಭ ಎಲ್ಲಿಂದ ಬರಬೇಕು? ಧರ್ಮಕಾರ್ಯವೆಂದು ಯಾರೂ ಗುತ್ತಿಗೆ ಹಿಡಿಯುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಇದು ಕೇವಲ ಉದಾಹರಣೆಗಾಗಿ. ನೂರು ಮಂದಿ ಕಾರ್ಮಿಕರು, ತಲಾ 15,000 ರೂಪಾಯಿ ವೇತನ ಎಂದಿಟ್ಟುಕೊಳ್ಳಿ. ಭವಿಷ್ಯನಿಧಿಗೆ ಕಾರ್ಮಿಕನ ವೇತನದಿಂದ ಶೇಕಡಾ 12, ಮಾಲೀಕನ ಪಾಲು ಶೇಕಡಾ 12, ಅಂದರೆ ತಲಾ 1,800 ರೂಪಾಯಿಯಂತೆ ಎರಡು ಪಾಲು. ಎರಡನ್ನೂ ಕಟ್ಟದೆ ಉಳಿಸಿಕೊಂಡರೆ ತಿಂಗಳಿಗೆ 3,60,000 ರೂಪಾಯಿ, ವರ್ಷಕ್ಕೆ 43,20,000 ರೂಪಾಯಿ. ಇನ್ನು ವೇತನ ಬ್ಯಾಂಕಿಗೆ ಜಮೆಯಾದ ಮೇಲೆ ಒಬ್ಬೊಬ್ಬರಿಂದ ಒಂದೊಂದು ಸಾವಿರ ಮರಳಿ ಪಡೆದರೆ ವರ್ಷಕ್ಕೆ ಮತ್ತೆ 12 ಲಕ್ಷ. ಕಡತದಲ್ಲಿ ಎಲ್ಲವೂ ಸರಿಯಾಗಿರುತ್ತದೆ. ಕಾರ್ಮಿಕನ ಅಡುಗೆ ಮನೆಯಲ್ಲಿ ಮಾತ್ರ ಡಬ್ಬಗಳು ಬರಿದಾಗಿರುತ್ತವೆ.

ಇಂಥ ಮೋಸ ಹೊಸದೇನಲ್ಲ. 1982ರಲ್ಲಿ ದೆಹಲಿಯಲ್ಲಿ ಏಷ್ಯನ್ ಕ್ರೀಡಾಕೂಟಕ್ಕಾಗಿ ಕ್ರೀಡಾಂಗಣಗಳನ್ನೂ ಮೇಲ್ಸೇತುವೆಗಳನ್ನೂ ಕಟ್ಟಲಾಗುತ್ತಿತ್ತು. ಆಗಿನ ಕನಿಷ್ಠ ದಿನಗೂಲಿ 9 ರೂಪಾಯಿ 25 ಪೈಸೆ. ನಡುವೆ ನಿಂತ ಜಮಾದಾರರು ಒಂದು ರೂಪಾಯಿ ಕಮಿಷನ್ ಹಿಡಿದುಕೊಂಡು 8 ರೂಪಾಯಿ 25 ಪೈಸೆಯನ್ನಷ್ಟೇ ಕೊಡುತ್ತಿದ್ದರು. ವಿಷಯ ಸುಪ್ರೀಮ್ ಕೋರ್ಟಿಗೆ ಹೋಯಿತು. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಲವಂತದ ದುಡಿಮೆಗೆ ಸಮಾನ ಎಂದು ನ್ಯಾಯಾಲಯ ತೀರ್ಪಿತ್ತಿತು. ಕೆಲಸವನ್ನು ಗುತ್ತಿಗೆದಾರನಿಗೆ ವಹಿಸಿದ್ದೇವೆಂದು ಹೇಳಿ ಸರಕಾರಿ ಸಂಸ್ಥೆಗಳು ಕೈ ತೊಳೆದುಕೊಳ್ಳುವಂತಿಲ್ಲ ಎಂದೂ ಸಾರಿತು. ಕದ್ದದ್ದು ದಿನಕ್ಕೆ ಒಂದು ರೂಪಾಯಿ. ಆದರೆ ಹಸಿವಿನ ಕಾರಣದಿಂದ ಬಾಯಿ ಮುಚ್ಚಿಕೊಂಡವನ ದುಡಿಮೆ ಸ್ವತಂತ್ರ ದುಡಿಮೆಯಾಗದು ಎಂಬುದು ಆ ತೀರ್ಪಿನ ತಿರುಳು.

1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಇದೇ ಮಾತನ್ನು ಮೊದಲೇ ಹೇಳಿತ್ತು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಅಥವಾ ಕಡಿಮೆ ಕೊಟ್ಟರೆ ಕೆಲಸ ಮಾಡಿಸಿಕೊಂಡ ಪ್ರಧಾನ ಮಾಲೀಕನೇ ಅದನ್ನು ಕೊಟ್ಟು ಬಳಿಕ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಹಳೆಯ ಕಾಯ್ದೆಗಳ ಸ್ಥಾನವನ್ನು ಪಡೆದಿವೆ. ಆ ಸಂಹಿತೆಗಳ ಕುರಿತು ಕಾರ್ಮಿಕ ಸಂಘಗಳಿಗೆ ಅನೇಕ ಆಕ್ಷೇಪಗಳಿದ್ದರೂ ಪ್ರಧಾನ ಮಾಲೀಕನ ಈ ಹೊಣೆ ಅಳಿದಿಲ್ಲ. ವಿಶ್ವವಿದ್ಯಾಲಯದಲ್ಲಿ ಪ್ರಧಾನ ಮಾಲೀಕನೆಂದರೆ ವಿಶ್ವವಿದ್ಯಾಲಯವೇ. ಹೀಗಿರುವಾಗ "ಅದು ಏಜೆನ್ಸಿಯವರ ವಿಷಯ, ನಮಗೆ ಸಂಬಂಧವಿಲ್ಲ" ಎಂಬ ಉತ್ತರಕ್ಕೆ ಕಾನೂನಿನಲ್ಲಿ ಆಧಾರವೆಲ್ಲಿದೆ?

ನಮ್ಮ ರಾಜ್ಯಕ್ಕೆ ಈ ಚರಿತ್ರೆಯಲ್ಲಿ ವಿಶೇಷ ಸ್ಥಾನವಿದೆ. 2006ರ ಏಪ್ರಿಲ್ 10ರಂದು ಸುಪ್ರೀಮ್ ಕೋರ್ಟಿನ ಸಂವಿಧಾನ ಪೀಠ ನೀಡಿದ ಉಮಾದೇವಿ ಪ್ರಕರಣದ ತೀರ್ಪು ಕರ್ನಾಟಕದ ದಿನಗೂಲಿ ನೌಕರರ ದಾವೆಯಿಂದಲೇ ಹುಟ್ಟಿದ್ದು. ಹಿಂಬಾಗಿಲಿನ ನೇಮಕಾತಿ ನಿಲ್ಲಬೇಕು, ಸಾರ್ವಜನಿಕ ಹುದ್ದೆಗಳಿಗೆ ಎಲ್ಲರಿಗೂ ಸಮಾನ ಅವಕಾಶವಿರಬೇಕು ಎಂಬುದು ಅದರ ಆಶಯ. ಅದು ನ್ಯಾಯವಾದ ಆಶಯವೇ. ಶಿಫಾರಸು ಮಾಡಿಸಲು ಯಾರೂ ಇಲ್ಲದ ಬಡವನಿಗೆ ಮುಂಬಾಗಿಲು ತೆರೆದಿರಬೇಕಲ್ಲವೇ? ಅದೇ ತೀರ್ಪು, ಮಂಜೂರಾದ ಹುದ್ದೆಗಳಲ್ಲಿ ನ್ಯಾಯಾಲಯದ ಆದೇಶದ ನೆರವಿಲ್ಲದೆ ಹತ್ತು ವರ್ಷ ದುಡಿದ ಅರ್ಹರನ್ನು ಒಂದು ಬಾರಿಗೆ ಖಾಯಂಗೊಳಿಸುವ ಬಗ್ಗೆ ಕ್ರಮ ಕೈಗೊಳ್ಳಬೇಕೆಂದೂ ಹೇಳಿತ್ತು. ವಿಪರ್ಯಾಸವೆಂದರೆ ಆಡಳಿತಗಾರರು ಮೊದಲ ಮಾತನ್ನು ಕಂಠಪಾಠ ಮಾಡಿ ಎರಡನೆಯದನ್ನು ಮರೆತರು. ಹಿಂಬಾಗಿಲು ಮುಚ್ಚಿತು, ಮುಂಬಾಗಿಲೂ ತೆರೆಯಲಿಲ್ಲ. ಗುತ್ತಿಗೆದಾರನ ಬಾಗಿಲೊಂದೇ ಉಳಿಯಿತು.

ಈ ತಪ್ಪನ್ನು ಸುಪ್ರೀಮ್ ಕೋರ್ಟೇ ಈಗ ಎತ್ತಿ ತೋರಿಸಿದೆ. ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ದಶಕಗಟ್ಟಲೆ ಕಸ ಗುಡಿಸಿದ, ತೋಟ ನೋಡಿಕೊಂಡ ಕಾರ್ಮಿಕರನ್ನು 2018ರಲ್ಲಿ ಕೆಲಸದಿಂದ ತೆಗೆಯಲಾಗಿತ್ತು. 2024ರ ಡಿಸೆಂಬರ್ 20ರಂದು ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತು, ಉಮಾದೇವಿ ತೀರ್ಪನ್ನು ದೀರ್ಘಕಾಲ ದುಡಿದವರ ವಿರುದ್ಧ ಆಯುಧವಾಗಿ ಬಳಸಬಾರದೆಂದು ಎಚ್ಚರಿಸಿತು. 2025ರ ಆಗಸ್ಟಿನಲ್ಲಿ ಉತ್ತರ ಪ್ರದೇಶದ ಉನ್ನತ ಶಿಕ್ಷಣ ಸೇವಾ ಆಯೋಗದ ದಿನಗೂಲಿ ನೌಕರರ ಪ್ರಕರಣದಲ್ಲಿ, ಸರಕಾರವು ತನ್ನ ಆಯವ್ಯಯವನ್ನು ಕೆಳಗಿನ ನೌಕರರ ಬೆನ್ನಿನ ಮೇಲೆ ಸರಿದೂಗಿಸುವಂತಿಲ್ಲ ಎಂಬ ಅರ್ಥದ ಮಾತುಗಳನ್ನಾಡಿತು. ಹಣವಿಲ್ಲ ಎಂದು ಹೇಳುವ ಪ್ರತಿಯೊಂದು ಆಡಳಿತ ಮಂಡಳಿಯೂ ಈ ತೀರ್ಪನ್ನು ಓದಬೇಕು.

ಶೋಷಣೆ ಪೊರಕೆ ಹಿಡಿದವರಿಗೆ ಮಾತ್ರ ಸೀಮಿತವಲ್ಲ, ಸೀಮೆಸುಣ್ಣ ಹಿಡಿದವರನ್ನೂ ಅದು ಬಿಟ್ಟಿಲ್ಲ. ಕರ್ನಾಟಕದ ಸರಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರು 2022ರ ಆರಂಭದವರೆಗೆ ತಿಂಗಳಿಗೆ 11,000 ಅಥವಾ 13,000 ರೂಪಾಯಿಗೆ ಪಾಠ ಹೇಳಿದವರು. ದೀರ್ಘ ಮುಷ್ಕರದ ನಂತರ ಗೌರವಧನ 26,000ದಿಂದ 32,000ಕ್ಕೆ ಏರಿತಾದರೂ ಕೆಲಸದ ಅವಧಿಯನ್ನೂ ಹೆಚ್ಚಿಸಿದ್ದರಿಂದ ಅನೇಕರು ಇದ್ದ ಕೆಲಸವನ್ನೇ ಕಳೆದುಕೊಂಡರು. ವಿಶ್ವವಿದ್ಯಾಲಯ ಅನುದಾನ ಆಯೋಗ 2019ರಲ್ಲೇ ಅತಿಥಿ ಬೋಧಕರಿಗೆ ಒಂದು ತರಗತಿಗೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000 ರೂಪಾಯಿ ಎಂದು ನಿಗದಿ ಮಾಡಿತ್ತು. ಎರಡರ ನಡುವಿನ ಅಂತರವನ್ನು ನೀವೇ ಅಳೆಯಿರಿ. ಪಿಎಚ್.ಡಿ. ಪದವೀಧರನನ್ನು 'ಅತಿಥಿ' ಎಂದು ಕರೆದು ವರ್ಷಗಟ್ಟಲೆ ಹೊಸ್ತಿಲಲ್ಲೇ ನಿಲ್ಲಿಸುವುದು ಯಾವ ಬಗೆಯ ಆತಿಥ್ಯ?

ಬದಲಾವಣೆ ಅಸಾಧ್ಯವೇ? ಅಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ 2001ರಲ್ಲಿ ವಿದ್ಯಾರ್ಥಿಗಳು ಸ್ವಚ್ಛತಾ ಕಾರ್ಮಿಕರ ವೇತನಕ್ಕಾಗಿ 21 ದಿನ ಆಡಳಿತ ಭವನದಲ್ಲಿ ಧರಣಿ ಕುಳಿತರು. ಲಂಡನ್ನಿನ ಸೋಯಸ್ ಕಾಲೇಜು ದೀರ್ಘ ಹೋರಾಟದ ಬಳಿಕ 2018ರಲ್ಲಿ ಹೊರಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿಯನ್ನು ತನ್ನದೇ ನೌಕರರನ್ನಾಗಿ ಮಾಡಿಕೊಂಡಿತು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ರಾಜ್ಯದಲ್ಲೇ ಪೌರಕಾರ್ಮಿಕರಿಗೆ ಗುತ್ತಿಗೆದಾರನ ಬದಲು ಸ್ಥಳೀಯ ಸಂಸ್ಥೆಯಿಂದಲೇ ನೇರವಾಗಿ ವೇತನ ಕೊಡುವ ವ್ಯವಸ್ಥೆ ಬಂತು. 2022ರ ಮುಷ್ಕರದ ಬಳಿಕ 11,133 ಮಂದಿಯನ್ನು ಖಾಯಂಗೊಳಿಸಲು ಸರಕಾರ ತೀರ್ಮಾನಿಸಿತು. ನಗರಸಭೆಗೆ ಸಾಧ್ಯವಾದುದು ವಿಶ್ವವಿದ್ಯಾಲಯಕ್ಕೆ ಏಕೆ ಸಾಧ್ಯವಾಗದು?

ಹಾಗಾದರೆ ನೈತಿಕ ಆಡಳಿತವೆಂದರೇನು? ಗೋಡೆಯ ಮೇಲೆ ಧ್ಯೇಯವಾಕ್ಯ ಬರೆಸುವುದರಿಂದ ಅದು ಬರುವುದಿಲ್ಲ. ಸಿಂಡಿಕೇಟ್ ಅಥವಾ ಆಡಳಿತ ಮಂಡಳಿಯ ಸದಸ್ಯರು ಕೆಲವು ಸರಳ ಪ್ರಶ್ನೆಗಳನ್ನು ಕೇಳಬೇಕು. ಹಿಂದಿನ ತಿಂಗಳ ಭವಿಷ್ಯನಿಧಿ ಮತ್ತು ಇ.ಎಸ್.ಐ. ಕಟ್ಟಿದ ದಾಖಲೆಯನ್ನು ಕಾರ್ಮಿಕರ ಹೆಸರಿನೊಂದಿಗೆ ತಾಳೆ ನೋಡಿದ ಮೇಲಷ್ಟೇ ಗುತ್ತಿಗೆದಾರನ ಬಿಲ್ಲು ಪಾಸಾಗುತ್ತಿದೆಯೇ? ಅಸಾಧ್ಯವೆನಿಸುವಷ್ಟು ಕಡಿಮೆ ದರದ ಟೆಂಡರನ್ನು ತಿರಸ್ಕರಿಸಲಾಗುತ್ತಿದೆಯೇ? ಗುತ್ತಿಗೆದಾರ ಬದಲಾದಾಗ ಹತ್ತು ವರ್ಷ ದುಡಿದವನನ್ನು ಹೊಸಬನೆಂದು ಲೆಕ್ಕ ಹಾಕಲಾಗುತ್ತಿದೆಯೇ? ಕೆಲಸಕ್ಕೆ ಸೇರಿಸಲು ಯಾರಾದರೂ ಠೇವಣಿ ಕೇಳುತ್ತಿದ್ದಾರೆಯೇ? ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಗುತ್ತಿಗೆ ಕಾರ್ಮಿಕ ಮಹಿಳೆಗೂ ಅನ್ವಯಿಸುತ್ತದೆಂಬುದು ಹಾಸ್ಟೆಲ್ ಗುಡಿಸುವ ಸೋದರಿಗೆ ತಿಳಿದಿದೆಯೇ? ದೂರು ಕೊಟ್ಟವಳು ಮರುದಿನವೂ ಕೆಲಸದಲ್ಲಿ ಉಳಿಯುತ್ತಾಳೆಯೇ? ಈ ಪ್ರಶ್ನೆಗಳಿಗೆ ಸಿಂಡಿಕೇಟಿನ ನಡಾವಳಿಯಲ್ಲಿ ಉತ್ತರ ದಾಖಲಾಗಬೇಕು.

ಸಹೋದರರೇ, ನಮ್ಮ ಪಾಲಿನ ಕರ್ತವ್ಯವೂ ಇದೆ. ನಮ್ಮ ಮನೆಗಳಲ್ಲಿ ಇಂಥ ಕೆಲಸಕ್ಕೆ ಹೋಗುವವರಿದ್ದರೆ ವೇತನ ಚೀಟಿ ಕೇಳಿ ಪಡೆಯುವಂತೆ ಹೇಳೋಣ. ಭವಿಷ್ಯನಿಧಿಯ ಸಂಖ್ಯೆಯನ್ನು ಬರೆದಿಟ್ಟುಕೊಂಡು ಹಣ ಜಮೆಯಾಗಿದೆಯೇ ಎಂದು ತಿಂಗಳಿಗೊಮ್ಮೆ ನೋಡೋಣ. ಮನೆಯಲ್ಲಿ ಓದುತ್ತಿರುವ ಮಕ್ಕಳು ಮೊಬೈಲಿನಲ್ಲೇ ಅದನ್ನು ನೋಡಿ ಹೇಳಬಲ್ಲರು. ಎ.ಟಿ.ಎಂ. ಕಾರ್ಡನ್ನು ಯಾರ ಕೈಗೂ ಒಪ್ಪಿಸದಿರೋಣ. ಟೆಂಡರಿನ ಷರತ್ತುಗಳನ್ನೂ ಪಾವತಿಯ ಮೊತ್ತವನ್ನೂ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಕೇಳಬಹುದು. ಮೂವತ್ತು ದಿನಗಳೊಳಗೆ ಉತ್ತರ ಸಿಗಬೇಕು. ಕೆಲಸ ಹೋಗುವ ಭಯದಿಂದ ಕಾರ್ಮಿಕ ಸ್ವತಃ ಕೇಳಲಾರ. ಆದರೆ ಅದೇ ಆವರಣದಲ್ಲಿ ಓದುವ ವಿದ್ಯಾರ್ಥಿಯ ತಂದೆಗೆ ಆ ಭಯವೇಕೆ?

ನಮ್ಮಲ್ಲಿಯೂ ಸಣ್ಣಪುಟ್ಟ ಗುತ್ತಿಗೆದಾರರಿದ್ದಾರೆ, ಶಾಲೆಗಳನ್ನು ನಡೆಸುವವರಿದ್ದಾರೆ. ವಿಶ್ವವಿದ್ಯಾಲಯಕ್ಕೆ ಒಂದು ನ್ಯಾಯ, ನಮ್ಮ ಸಂಸ್ಥೆಗಳಿಗೆ ಇನ್ನೊಂದು ನ್ಯಾಯ ಎಂದಾಗಬಾರದು. ಅಳತೆ ತೂಕಗಳಲ್ಲಿ ವಂಚಿಸುವವರ ಹೆಸರಿನಲ್ಲೇ ಪವಿತ್ರ ಕುರ್‌ಆನಿನಲ್ಲಿ ಒಂದು ಅಧ್ಯಾಯವಿದೆ ಎಂಬುದನ್ನು ತಿಳಿದವರು ನಾವು. ಕೂಲಿಯೂ ಒಂದು ಅಳತೆಯೇ.

ಅಳತೆಯ ನ್ಯಾಯ ಈ ಜಿಲ್ಲೆಯ ಮಣ್ಣಿಗೆ ಹೊಸದಲ್ಲ. ಶಿವಪ್ಪ ನಾಯಕನನ್ನು ಜನರು ಇಂದಿಗೂ ನೆನೆಯುವುದು ಭೂಮಿಯ ಗುಣ ನೋಡಿ ಕಂದಾಯ ನಿಗದಿ ಮಾಡಿದ ಅವನ 'ಶಿಸ್ತಿ'ಗಾಗಿ. 1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸಿಡಿದೆದ್ದದ್ದು, ಗೇಣಿಯ ಭತ್ತ ಅಳೆಯಲು ಒಡೆಯರು ದೊಡ್ಡ ಕೊಳಗ ಬಳಸುತ್ತಿದ್ದಾರೆಂಬ ಕಾರಣಕ್ಕೆ. ಗಣಪತಿಯಪ್ಪನವರು ಮುಂದಾಳಾಗಿದ್ದ ಆ ಸತ್ಯಾಗ್ರಹಕ್ಕೆ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಅಂದು ಕೊಳಗ ಎಲ್ಲರ ಕಣ್ಣೆದುರಿಗಿತ್ತು. ಇಂದು ಅದು ಟೆಂಡರಿನ ಕಡತದೊಳಗೆ ಅಡಗಿದೆ. ಅದನ್ನು ಹೊರತೆಗೆದು ಎಲ್ಲರೆದುರು ಅಳೆಯಿಸುವ ಕೆಲಸವನ್ನು, ಈ ವಿಶ್ವವಿದ್ಯಾಲಯಗಳಿಗೆ ಮಕ್ಕಳನ್ನು ಕಳುಹಿಸುವ ನಾವು ಕೈಗೆತ್ತಿಕೊಳ್ಳೋಣ.