ಪಂಪ್ ಬದಲಿಸುವ ಮುನ್ನ

ಹಳೆಯ ಕಾರೊಂದನ್ನು ಕೊಂಡು, ವಾರಾಂತ್ಯದಲ್ಲಿ ಗ್ಯಾರೇಜಿನಲ್ಲಿ ಕೈ ಕೊಳೆ ಮಾಡಿಕೊಳ್ಳುವ ಹುಮ್ಮಸ್ಸು ನಿಮಗಿದ್ದರೆ ಇವತ್ತಿನ ಮಾತು ನಿಮಗೇ. ಉದಾಹರಣೆಗೆ ಅಮೆರಿಕದಲ್ಲಿ ಈಗಲೂ ಕಾಣಸಿಗುವ, 1960ರ ದಶಕದ ಷೆವರ್ಲೆ ಸ್ಮಾಲ್ ಬ್ಲಾಕ್ ವಿ8 ಎಂಜಿನ್ ತೆಗೆದುಕೊಳ್ಳೋಣ.

ನಿಂತಲ್ಲಿ ಎಂಜಿನ್ ಚೆನ್ನಾಗಿಯೇ ಓಡುತ್ತದೆ. ಹೈವೇಗೆ ಹೋದರೆ, ಏರು ಹತ್ತಿದರೆ ಮುಗ್ಗರಿಸುತ್ತದೆ. ಕಾರ್ಬ್ಯುರೇಟರಿನ ಬಟ್ಟಲು ಖಾಲಿಯಾಗುವಷ್ಟು ಬೇಗ ತುಂಬುತ್ತಿಲ್ಲ ಎಂದು ಇದರ ಅರ್ಥವಿರಬಹುದು. ಒತ್ತಡ ಅಳೆದರೆ ಕಡಿಮೆ. ಕೂಡಲೇ ಹೊಸ ಪಂಪ್ ತರಿಸುವವರೇ ಹೆಚ್ಚು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗಾಗುತ್ತದೆ. ಕಾಯಿಲೆ ಒಂದಕ್ಕೆ, ಚಿಕಿತ್ಸೆ ಇನ್ನೊಂದಕ್ಕೆ.

ಮೊದಲು ಪಂಪ್ ಏನು ಮಾಡುತ್ತದೆಂದು ನೋಡೋಣ. ಕ್ಯಾಮ್‌ಶಾಫ್ಟ್ ತಿರುಗುವಾಗ ಒಂದು ಉಕ್ಕಿನ ಸರಳು ಪಂಪಿನ ತೋಳನ್ನು ತಳ್ಳುತ್ತದೆ. ತೋಳು ಡಯಾಫ್ರಂ ಎಂಬ ರಬ್ಬರ್ ಪೊರೆಯನ್ನು ಎಳೆಯುತ್ತದೆ, ಟ್ಯಾಂಕಿನಿಂದ ಪೆಟ್ರೋಲ್ ಒಳಗೆ ಬರುತ್ತದೆ. ಆ ಪೊರೆಯನ್ನು ಮರಳಿ ತಳ್ಳಿ ಪೆಟ್ರೋಲನ್ನು ಕಾರ್ಬ್ಯುರೇಟರಿಗೆ ಕಳಿಸುವುದು ಒಂದು ಸ್ಪ್ರಿಂಗ್. ಅಂದರೆ ಪಂಪಿಗೆ ಎರಡು ಕೆಲಸ: ಹೀರುವುದು, ತಳ್ಳುವುದು. ನಾವು ಅಳೆಯುವುದು ತಳ್ಳುವ ಕಡೆ. ತೊಂದರೆ ಎಷ್ಟೋ ಸಲ ಹೀರುವ ಕಡೆ. ಊರಿನ ಪ್ರೀಮಿಯರ್ ಪದ್ಮಿನಿಯಲ್ಲಿ, ಹಳೆಯ ಮಾರುತಿ 800ರಲ್ಲಿ ಇದ್ದದ್ದೂ ಡಯಾಫ್ರಂ ಪಂಪೇ.

ಎಳನೀರು ಕುಡಿಯುವಾಗ ಸ್ಟ್ರಾ ಸೀಳಿದ್ದರೆ ಏನಾಗುತ್ತದೆ? ನೀರು ಹೊರಗೆ ಸೋರುವುದಿಲ್ಲ, ಬಾಯಿಗೆ ಗಾಳಿ ಬರುತ್ತದೆ. ಪಂಪಿಗೆ ಬರುವ ಹಳೆಯ ರಬ್ಬರ್ ಹೋಸ್ ಬಿರುಕು ಬಿಟ್ಟರೂ ಹಾಗೆಯೇ. ನೆಲದ ಮೇಲೆ ಒಂದು ಹನಿಯೂ ಕಾಣದೇ ಇರಬಹುದು. ಎಥನಾಲ್ ಬೆರೆತ ಇಂದಿನ ಪೆಟ್ರೋಲ್ ಆ ಕಾಲದ ರಬ್ಬರಿಗೆ ಒಗ್ಗುವುದಿಲ್ಲ ಎಂಬುದೂ ನೆನಪಿರಲಿ.

ಈಗ ಪರೀಕ್ಷೆ. ಎಂಜಿನ್ ತಣ್ಣಗಿರಲಿ, ಗ್ಯಾರೇಜಿನ ಬಾಗಿಲು ತೆರೆದಿರಲಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಲಿ. ಪಂಪ್ ಮತ್ತು ಕಾರ್ಬ್ಯುರೇಟರ್ ನಡುವೆ ಗೇಜ್ ಹಾಕಿ ಎಂಜಿನ್ ಓಡಿಸಿ. ಸುಮಾರು 5ರಿಂದ 7 ಪಿಎಸ್‌ಐ ಇರಬೇಕು. ನಿಮ್ಮ ಕಾರಿನ ಸರ್ವಿಸ್ ಮ್ಯಾನ್ಯುಅಲ್ ಹೇಳುವ ಅಂಕಿಯೇ ಅಂತಿಮ. ನಂತರ ಎಂಜಿನ್ ಆರಿಸಿ ತಣಿಯಲು ಬಿಡಿ. ಇಗ್ನಿಷನ್ ಹೊತ್ತದಂತೆ ಮಾಡಿ, ಕಾರ್ಬ್ಯುರೇಟರಿನ ಬಳಿ ಪೈಪ್ ಕಳಚಿ ಒಂದು ಡಬ್ಬಿಯೊಳಗೆ ಇಳಿಬಿಟ್ಟು ಸ್ಟಾರ್ಟರ್ ತಿರುಗಿಸಿ. ಪೆಟ್ರೋಲ್ ಬಿಟ್ಟುಬಿಟ್ಟು ಜೋರಾಗಿ ಚಿಮ್ಮಬೇಕು. ಗುಳ್ಳೆಗಳು ಬಂದರೆ ಎಲ್ಲೋ ಗಾಳಿ ಹೀರುತ್ತಿದೆ.

ಒತ್ತಡ ಸರಿಯಿದ್ದು ಹರಿವು ಕಡಿಮೆಯಿದ್ದರೆ ಹೀರುವ ದಾರಿಯನ್ನು ಹುಡುಕಿ. ಟ್ಯಾಂಕಿನ ಮುಚ್ಚಳ ಸಡಿಲಿಸಿದಾಗ ಪುಸ್ ಎಂದು ಗಾಳಿ ಒಳನುಗ್ಗಿ ತೊಂದರೆ ಮಾಯವಾದರೆ, ಟ್ಯಾಂಕಿಗೆ ಗಾಳಿ ಹೋಗುವ ದಾರಿ ಕಟ್ಟಿಕೊಂಡಿದೆ. ಹಾಗಾಗದಿದ್ದರೆ ರಬ್ಬರ್ ಹೋಸ್, ಫಿಲ್ಟರ್, ಟ್ಯಾಂಕಿನೊಳಗಿನ ಜಾಲರಿ ನೋಡಿ.

ಎರಡೂ ಕಡಿಮೆಯಿದ್ದರೆ ಇನ್ನೊಂದು ಪರೀಕ್ಷೆ. ಶುದ್ಧ ಪೆಟ್ರೋಲಿನ ಸಣ್ಣ ಕ್ಯಾನ್‌ನಿಂದ ಹೊಸ ಹೋಸ್ ಒಂದನ್ನು ನೇರ ಪಂಪಿಗೆ ಕೊಟ್ಟು ಮತ್ತೆ ಅಳೆಯಿರಿ. ಅಂಕಿ ಸರಿಹೋಯಿತೇ? ಪಂಪ್ ನಿರಪರಾಧಿ. ಸರಿಹೋಗಲಿಲ್ಲವೇ? ಆಗ ಪಂಪನ್ನು ಬಿಚ್ಚಿ, ಜೊತೆಗೆ ಆ ಉಕ್ಕಿನ ಸರಳನ್ನೂ ತೆಗೆದು ಅಳೆಯಿರಿ. ಹೊಸದಾಗಿದ್ದಾಗ ಅದರ ಉದ್ದ 5.75 ಇಂಚು. ತುದಿ ಸವೆದು ಗಿಡ್ಡವಾಗಿದ್ದರೆ ಹೊಸ ಪಂಪಿನ ತೋಳೂ ಪೂರ್ತಿ ಚಲಿಸುವುದಿಲ್ಲ.

ಎರಡು ಎಚ್ಚರಿಕೆ. ಆಯಿಲ್ ಡಿಪ್‌ಸ್ಟಿಕ್ ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಡಯಾಫ್ರಂ ಹರಿದಿರಬಹುದು, ಎಂಜಿನ್ ಓಡಿಸಬೇಡಿ. ತೆಳುವಾದ ಆಯಿಲ್ ಬೇರಿಂಗ್‌ಗಳನ್ನು ತಿಂದುಹಾಕುತ್ತದೆ. ಪಂಪ್ ಸರಿಪಡಿಸಿ, ಆಯಿಲ್ ಬದಲಿಸಿಯೇ ಮತ್ತೆ ಸ್ಟಾರ್ಟ್ ಮಾಡಿ. ಎರಡನೆಯದು, ಹೆಚ್ಚು ಒತ್ತಡದ ಎಲೆಕ್ಟ್ರಿಕ್ ಪಂಪ್ ಜೋಡಿಸಿ ಗೆದ್ದೆವೆಂದುಕೊಳ್ಳಬೇಡಿ. ಕಾರ್ಬ್ಯುರೇಟರಿನ ಸಣ್ಣ ಸೂಜಿ ಅಷ್ಟು ಒತ್ತಡ ತಡೆಯುವುದಿಲ್ಲ. ಬಟ್ಟಲು ಉಕ್ಕಿದರೆ ಪೆಟ್ರೋಲ್ ಬೀಳುವುದು ಬಿಸಿ ಎಂಜಿನ್ ಮೇಲೆ.

ಒಂದು ಗೇಜ್, ಒಂದು ಡಬ್ಬಿ, ಒಂದು ಗಜ ಹೋಸ್ ಇದ್ದರೆ ಒಂದು ಮಧ್ಯಾಹ್ನದಲ್ಲಿ ಇಷ್ಟನ್ನೂ ಪರೀಕ್ಷಿಸಬಹುದು. ಮೊದಲು ಅಳೆಯಿರಿ, ಆಮೇಲೆ ಕೊಳ್ಳಿ.