ಆಲೆಮನೆಯ ಬೆಲ್ಲವೂ ಆಹಾರ ಕಾಯಿದೆಯೂ



ಕಬ್ಬು ಗದ್ದೆಯಲ್ಲಿರುವವರೆಗೆ ರೈತನ ಬೆಳೆ. ಅದು ಗಾಣಕ್ಕೆ ಹೋಗಿ, ಹಾಲು ಕೊಪ್ಪರಿಗೆಯಲ್ಲಿ ಕುದಿದು ಬೆಲ್ಲವಾದೊಡನೆ ಕಾಯಿದೆಯ ದೃಷ್ಟಿಯಲ್ಲಿ ತಯಾರಿಸಿದ ಆಹಾರವಾಗುತ್ತದೆ. ಕೃಷ್ಣರಾಜನಗರದ ನಾಲೆ ಬಯಲಿನಲ್ಲಿ ಕಬ್ಬು ಬೆಳೆದು ಆಲೆ ಹೂಡುವವರೂ, ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಯ ಸಂತೆಗಳಲ್ಲಿ ಬೆಲ್ಲ ಕೊಳ್ಳುವವರೂ ಈ ವ್ಯತ್ಯಾಸವನ್ನು ತಿಳಿದಿರುವುದು ಒಳ್ಳೆಯದು.

ಮೊದಲು 1954ರ ಆಹಾರ ಕಲಬೆರಕೆ ತಡೆ ಕಾಯಿದೆ ಜಾರಿಯಲ್ಲಿತ್ತು. ಅದರ ಸ್ಥಾನಕ್ಕೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಬಂದಿತು. ಇದರ ನಿಯಮಗಳು 2011ರ ಆಗಸ್ಟ್ 5ರಿಂದ ಜಾರಿಯಾದುವು. ಈ ಕಾಯಿದೆ ರೈತನನ್ನೂ ಅವನ ಬೇಸಾಯವನ್ನೂ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಆದರೆ ಅದೇ ರೈತ ಮಾರಾಟಕ್ಕೆಂದು ಬೆಲ್ಲ ತಯಾರಿಸಿದರೆ, ಸಣ್ಣವನಾದರೆ ನೋಂದಣಿ, ದೊಡ್ಡವನಾದರೆ ಪರವಾನಗಿ ಪಡೆಯಬೇಕು.

ಬೆಲ್ಲ ಹೇಗಿರಬೇಕೆಂದೂ ನಿಯಮ ಹೇಳುತ್ತದೆ. ತೇವವನ್ನು ಕಳೆದು ಲೆಕ್ಕ ಹಾಕಿದಾಗ ಒಟ್ಟು ಸಕ್ಕರೆ ಅಂಶ ಶೇ. 90ಕ್ಕೆ ಕಡಿಮೆ ಇರಬಾರದು; ನೀರಿನಲ್ಲಿ ಕರಗದ ಕಸ ಶೇ. 2ನ್ನು ಮೀರಬಾರದು. ಗಟ್ಟಿ ಬೆಲ್ಲದಲ್ಲಿ ತೇವಾಂಶ ಶೇ. 10ರೊಳಗಿರಬೇಕು. ಕೃತಕ ಬಣ್ಣವನ್ನು ಬೆರೆಸುವಂತಿಲ್ಲ.

ತೊಡಕಿರುವುದು ಬಣ್ಣದಲ್ಲಿಯೇ. ಮಂಡಿಯಲ್ಲಿ ಹಳದಿ ಬೆಲ್ಲಕ್ಕೆ ಹೆಚ್ಚಿನ ಧಾರಣೆ, ಕಂದು ಬೆಲ್ಲಕ್ಕೆ ಮೂಗು ಮುರಿಯುವವರೇ ಹೆಚ್ಚು. ಆದುದರಿಂದ ಕುದಿಯುವ ಹಾಲಿಗೆ ಹೈಡ್ರೋಸ್ ಎರಚುವ ರೂಢಿ ಬೆಳೆಯಿತು. ಇದು ಗಂಧಕದಿಂದ ಕೂಡಿದ ರಾಸಾಯನಿಕ, ಬಣ್ಣವನ್ನು ಬಿಳಿಚಿಸುತ್ತದೆ. ಬೆಲ್ಲದಲ್ಲಿ ಉಳಿಯುವ ಗಂಧಕದ ಡೈಆಕ್ಸೈಡ್ ಹತ್ತು ಲಕ್ಷ ಭಾಗಕ್ಕೆ 70 ಭಾಗವನ್ನು ಮೀರಬಾರದು. ತಕ್ಕಡಿಯಿಲ್ಲದೆ ಕೈಯಳತೆಯಲ್ಲಿ ಎರಚುವ ಕಡೆ ಈ ಮಿತಿ ದಾಟುವುದು ಬಹಳ ಸುಲಭ. ಉಬ್ಬಸದ ರೋಗಿಗಳಿಗೆ ಇದು ತೊಂದರೆ ಕೊಡಬಲ್ಲದು. ಇಷ್ಟಾಗಿಯೂ ಆ ಹೊಂಬಣ್ಣ ನಿಲ್ಲುವುದಿಲ್ಲ. ದಾಸ್ತಾನಿನಲ್ಲಿ ಬೆಲ್ಲ ಮತ್ತೆ ಕಪ್ಪಾಗುತ್ತದೆ. ಬೆಂಡೆ ಗಿಡದ ಕಾಂಡವನ್ನು ಜಜ್ಜಿ ತೆಗೆದ ಲೋಳೆ ಹಾಕಿದರೆ ಕಲ್ಮಷ ನೊರೆಯಾಗಿ ಮೇಲಕ್ಕೆ ಬರುತ್ತದೆ, ಅದನ್ನು ತೆಗೆದುಹಾಕಬಹುದು. ಬಣ್ಣ ಮಾತ್ರ ಕಂದಾಗಿಯೇ ಉಳಿಯುತ್ತದೆ. ಅದು ದೋಷವಲ್ಲ.

ಬೆಲ್ಲವನ್ನು ಪೊಟ್ಟಣ ಕಟ್ಟಿ ಮಾರುವವರಿಗೆ 2020ರ ಲೇಬಲ್ ನಿಯಮಗಳು ಅನ್ವಯಿಸುತ್ತವೆ. ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ತಯಾರಿಸಿದ ದಿನಾಂಕ, 14 ಅಂಕಿಗಳ ನೋಂದಣಿ ಅಥವಾ ಪರವಾನಗಿ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು ಇರಬೇಕು. ಹಲವು ಪದಾರ್ಥ ಬೆರೆತಿದ್ದರೆ ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ಬರೆಯಬೇಕು. ಸಕ್ಕರೆ ಬೆರೆಸಿ ಕಾಯಿಸಿದುದನ್ನು ಬರಿಯ 'ಬೆಲ್ಲ' ಎಂದು ಮಾರುವುದು ಕೊಳ್ಳುವವರಿಗೆ ಮೋಸ. ಕಿಲೋಗ್ರಾಮಿಗೆ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸಲ್ಫೈಟ್ ಇದ್ದರೆ ಅದನ್ನೂ ಲೇಬಲಿನಲ್ಲಿ ತಿಳಿಸಬೇಕು.

ಬಣ್ಣದ ವಿಷಯದಲ್ಲಿ ರಾಜ್ಯ ಸರ್ಕಾರ ಇತ್ತೀಚೆಗೆ ಬಿಗಿಯಾಗಿದೆ. 2024ರಲ್ಲಿ ಪರೀಕ್ಷಿಸಿದ 171 ಗೋಬಿ ಮಂಚೂರಿ ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಕಂಡುಬಂದುವು. ಆ ವರ್ಷದ ಮಾರ್ಚಿಯಲ್ಲಿ ಅದಕ್ಕೂ ಬೊಂಬಾಯಿ ಮಿಠಾಯಿಗೂ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಲಾಯಿತು.

ಆಹಾರ ಸುರಕ್ಷತಾಧಿಕಾರಿ ಆಲೆಮನೆಗೆ ಬಂದು ಮಾದರಿ ತೆಗೆದರೆ ಗಾಬರಿಪಡಬೇಕಾದುದಿಲ್ಲ, ಆದರೆ ಕ್ರಮವನ್ನು ತಿಳಿದಿರಬೇಕು. ಮಾದರಿಯನ್ನು ನಾಲ್ಕು ಪಾಲು ಮಾಡಿ ಮೊಹರು ಹಾಕಲಾಗುತ್ತದೆ. ಒಂದು ಪಾಲು ಆಹಾರ ವಿಶ್ಲೇಷಕರಿಗೆ, ಎರಡು ಅಂಕಿತಾಧಿಕಾರಿಗೆ. ನಾಲ್ಕನೆಯದನ್ನು ತನ್ನ ಖರ್ಚಿನಲ್ಲಿ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸುವಂತೆ ಮಾಲೀಕ ಕೇಳಬಹುದು. ಈ ಹಕ್ಕನ್ನು ಬಳಸುವವರು ವಿರಳ. ವಿಶ್ಲೇಷಕರು 14 ದಿನಗಳಲ್ಲಿ ವರದಿ ಕೊಡಬೇಕು. ವರದಿ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಅಂಕಿತಾಧಿಕಾರಿಗೆ ಮೇಲ್ಮನವಿ ಸಲ್ಲಿಸಬೇಕು. ಅವರು ಸೂಕ್ತವೆಂದು ಕಂಡರೆ ಮಾದರಿಯನ್ನು ಉಲ್ಲೇಖ ಪ್ರಯೋಗಾಲಯಕ್ಕೆ ಕಳಿಸುತ್ತಾರೆ, ಅಲ್ಲಿಯ ತೀರ್ಮಾನವೇ ಅಂತಿಮ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯೂ ಅಂಥ ಪ್ರಯೋಗಾಲಯಗಳಲ್ಲೊಂದು.

ಹಳದಿ ಬೇಕೆಂದು ಕೇಳಿದ ವರ್ತಕ ಹೊಣೆಯಿಂದ ಪಾರಾಗುತ್ತಾನೆಯೆ? ಅವನ ಮೇಲೂ ಕಾಯಿದೆಯ ಹೊಣೆ ಇದೆ. ಆದರೆ ಆಲೆಮನೆಯವನು ಕೊಡುವ ಬಿಲ್ಲನ್ನೇ ಗುಣಮಟ್ಟದ ಲಿಖಿತ ಖಾತರಿಯೆಂದು ಕಾಯಿದೆ ಭಾವಿಸುತ್ತದೆ. ವರ್ತಕನ ಬಾಯಿಮಾತಿಗೆ ಹೈಡ್ರೋಸ್ ಎರಚಿ ಬಿಲ್ಲು ಬರೆದುಕೊಟ್ಟರೆ, ಮಾದರಿ ಕೆಟ್ಟುಬಂದ ದಿನ ಕೈಯಲ್ಲಿ ಉಳಿಯುವ ದಾಖಲೆ ಆ ಬಿಲ್ಲು ಮಾತ್ರ.